ಚುಕ್ಕಿಯ ಮುಖ ಊದಿಕೊಂಡ ಮೇಲೆ

ಚುಕ್ಕಿ ನಮ್ಮ ನಾಯಿ, ಡ್ಯಾಶ್‌ಹುಂಡ್ ಜಾತಿ. ತೂಕ 6 ಕಿಲೋ, ಗತ್ತು ಮಾತ್ರ ಅದರ ಹತ್ತರಷ್ಟು. ಅವಳಿಗೆ ನಾಲ್ಕು ವರ್ಷ ತುಂಬಿದಾಗ ಎಂದಿನಂತೆ ವರ್ಷದ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಒಂದೇ ಸಲಕ್ಕೆ ಎರಡು. ಹಲವು ರೋಗಗಳಿಗೆ ಸೇರಿಸಿ ಕೊಡುವ ಕಂಬೈನ್ಡ್ ಲಸಿಕೆ ಒಂದು, ರೇಬಿಸ್ ಇನ್ನೊಂದು. ಮನೆಗೆ ಬಂದು ಅರ್ಧ ಗಂಟೆ ಆಗಿತ್ತೇನೋ, ಮೂತಿಯನ್ನು ನೆಲಕ್ಕೆ ಉಜ್ಜತೊಡಗಿದಳು. ತುರಿಕೆ ಇರಬೇಕು ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಕಣ್ಣುಗಳು ಎರಡು ಗೆರೆಗಳಷ್ಟೇ ಕಾಣುತ್ತಿದ್ದವು. ತುಟಿ ಜೋತುಬಿದ್ದಿತ್ತು. ಹೊಟ್ಟೆಯ ಮೇಲೆಲ್ಲ ದದ್ದು. ಆಮೇಲೆ ಎರಡು ಸಲ ವಾಂತಿ ಮಾಡಿಕೊಂಡು ನನ್ನ ಕಾಲ ಬಳಿ ಮಲಗಿಬಿಟ್ಟಳು.

ಹೊತ್ತುಕೊಂಡು ಓಡಿದೆ. ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು, ರಾತ್ರಿ ತನಕ ಅಲ್ಲೇ ಇಟ್ಟುಕೊಂಡರು. ಬೆಳಗ್ಗೆ ಹೊತ್ತಿಗೆ ಮುಖ ಮೊದಲಿನಂತಾಗಿತ್ತು. ನನಗೆ ಮಾತ್ರ ಆ ರಾತ್ರಿಯಿಡೀ ಒಂದೇ ವಿಷಯ ಕೊರೆಯುತ್ತಿತ್ತು. ಹಿಂದಿನ ವರ್ಷವೂ ಇಂಜೆಕ್ಷನ್ ಆದ ಸಂಜೆ ಅವಳ ಮೇಲ್ತುಟಿ ಸ್ವಲ್ಪ ದಪ್ಪ ಆಗಿತ್ತು. ಜೇನುಹುಳ ಕಚ್ಚಿರಬೇಕು ಅಂತ ನಾನೇ ತೀರ್ಮಾನ ಮಾಡಿ ಸುಮ್ಮನಾಗಿದ್ದೆ. ಡಾಕ್ಟರಿಗೆ ಹೇಳಲೇ ಇಲ್ಲ. ಹೇಳಿದ್ದರೆ ಈ ಸಲ ಎರಡನ್ನೂ ಒಟ್ಟಿಗೆ ಚುಚ್ಚುತ್ತಿರಲಿಲ್ಲ.

ಇನ್ನು ಮುಂದೆ ಇವಳಿಗೆ ಯಾವ ಲಸಿಕೆಯೂ ಬೇಡ ಅಂತ ಶಪಥ ಮಾಡಿದೆ. ಬದಲಿಗೆ ಏನಾದರೂ ಸಿಗುತ್ತಾ ಅಂತ ಹುಡುಕಲು ಕೂತೆ. ಹುಡುಕಿದವರಿಗೆ ಬೇಗ ಸಿಗುವುದು ನೊಸೋಡ್. ರೋಗದ ಅಂಶದಿಂದಲೇ ತಯಾರಿಸಿ, ಮತ್ತೆ ಮತ್ತೆ ನೀರು ಸೇರಿಸಿ ತೆಳು ಮಾಡಿದ ಹೋಮಿಯೋಪತಿ ಹನಿ. 'ಸಹಜ ಲಸಿಕೆ, ಅಡ್ಡಪರಿಣಾಮ ಇಲ್ಲ' ಅಂತ ಬರೆದಿತ್ತು. ತರಿಸಿದೆ, ಮೂರು ವಾರ ಕುಡಿಸಿದೆ ಕೂಡ. ಅಡ್ಡಪರಿಣಾಮ ಇಲ್ಲ ಅನ್ನುವುದು ನಿಜ. ಪರಿಣಾಮವೇ ಇಲ್ಲದ ಮೇಲೆ ಅಡ್ಡ ಎಲ್ಲಿಂದ ಬರಬೇಕು! ಹಾಗಂತ ಆಗ ನನಗೆ ಗೊತ್ತಿರಲಿಲ್ಲ ಅನ್ನಿ. ಎರಡನೇ ಅಭಿಪ್ರಾಯಕ್ಕೆ ಹೋದಾಗ ಆ ಡಾಕ್ಟರು ಬಾಟಲಿ ತಿರುಗಿಸಿ ನೋಡಿ ಕೇಳಿದರು, "ಇದನ್ನು ಕುಡಿಸಿದ ಮೇಲೆ ಮೈಯಲ್ಲಿ ಪ್ರತಿಕಾಯ ಹುಟ್ಟಿದೆ ಅಂತ ಯಾರಾದ್ರೂ ರಕ್ತ ತೆಗೆದು ಅಳೆದು ತೋರಿಸಿದ್ದಾರಾ?" ಪ್ರತಿಕಾಯ ಅಂದರೆ ರೋಗಾಣುವನ್ನು ಎದುರಿಸಲು ಮೈ ತಾನೇ ತಯಾರಿಸಿಕೊಳ್ಳುವ ಪ್ರೋಟೀನ್. ನನ್ನ ಹತ್ತಿರ ಉತ್ತರ ಇರಲಿಲ್ಲ. ಜಗತ್ತಿನ ಸಣ್ಣ ಪ್ರಾಣಿಗಳ ವೈದ್ಯರ ಒಕ್ಕೂಟ, ಅಂದರೆ ಡಬ್ಲ್ಯೂಎಸ್‌ಎವಿಎ, ಲಸಿಕೆ ಬದಲು ನೊಸೋಡ್ ಬಳಸಬೇಡಿ ಅಂತ ನೇರವಾಗಿ ಬರೆದಿದೆ. ಬಾಟಲಿ ಅಲ್ಲೇ ಕಸದ ಬುಟ್ಟಿಗೆ ಹೋಯಿತು.

ಆದರೆ ಅದೇ ಡಾಕ್ಟರು ಇನ್ನೊಂದು ಮಾತು ಹೇಳಿದರು. "ಲಸಿಕೆ ಬೇಕಾ ಬೇಡ್ವಾ ಅಂತ ಒಟ್ಟಾಗಿ ಕೇಳಬೇಡಿ. ಯಾವುದು ಬೇಕು, ಯಾವಾಗ ಬೇಕು, ಹೇಗೆ ಕೊಡೋದು ಅಂತ ಒಂದೊಂದನ್ನೇ ಬಿಡಿಸಿ ನೋಡೋಣ." ನಾನು ಹುಡುಕುತ್ತಿದ್ದ ದಾರಿ ಅಲ್ಲಿಂದ ಶುರುವಾಯಿತು.

ಮೊದಲು ಹಳೆಯ ಕಾರ್ಡು ಹರಡಿಕೊಂಡು ಕೂತೆವು. ಪ್ರತಿ ಲಸಿಕೆಯ ಶೀಶೆಯ ಸ್ಟಿಕ್ಕರ್ ಅಂಟಿಸಿದ್ದರು. ಯಾವ ಕಂಪನಿ, ಯಾವ ಬ್ಯಾಚ್, ಯಾವ ದಿನ ಎಲ್ಲವೂ ಇತ್ತು. ಹಿಂದಿನ ವರ್ಷ ತುಟಿ ಊದಿದ ದಿನವೂ ಕಂಬೈನ್ಡ್ ಮತ್ತು ರೇಬಿಸ್ ಒಟ್ಟಿಗೇ ಕೊಟ್ಟಿದ್ದರು. ಹೀಗಾಗಿ ತಪ್ಪು ಯಾರದು ಅಂತ ಹೇಳಲು ಬರುವಂತಿರಲಿಲ್ಲ. ಕಂಬೈನ್ಡ್ ಅಂದರೆ ಅದೂ ಒಂದಲ್ಲ. ನಾಯಿಗಳ ಜೀವ ತೆಗೆಯಬಲ್ಲ ವೈರಸ್ ರೋಗಗಳಾದ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ತರುವ ಅಡಿನೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಇಲಿಜ್ವರ, ಹೀಗೆ ಒಂದು ಬಸ್ಸಿನ ತುಂಬ ಜನ.

ಅಲರ್ಜಿ ಬರುವುದು ವೈರಸ್ಸಿನಿಂದಲೇ ಅಂತಲೂ ಇಲ್ಲ ಎಂಬುದು ನನಗೆ ಹೊಸ ವಿಷಯ. ಲಸಿಕೆಗೆ ಬೇಕಾದ ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಆ ಕೋಶಗಳಿಗೆ ಆಹಾರವಾಗಿ ಕರುವಿನ ಸೀರಮ್, ಅಂದರೆ ಅದರ ರಕ್ತದ ತಿಳಿ ಭಾಗ, ಹಾಕುತ್ತಾರೆ. ಲಸಿಕೆ ಕೆಡದೆ ಇರಲಿ ಅಂತ ಕೆಲವದಕ್ಕೆ ಜೆಲಾಟಿನ್‌ನಂಥದ್ದು ಸೇರಿಸುತ್ತಾರೆ. ಇದರ ಚೂರುಪಾರು ಶೀಶೆಯಲ್ಲಿ ಉಳಿದಿರುತ್ತದೆ. ಲಸಿಕೆಯ ನಂತರ ಅಲರ್ಜಿ ಆದ ನಾಯಿಗಳ ರಕ್ತವನ್ನು ಜಪಾನಿನ ಸಂಶೋಧಕರು ಪರೀಕ್ಷಿಸಿದಾಗ, ಹಲವದರಲ್ಲಿ ಈ ಕರುವಿನ ಸೀರಮ್ಮಿನ ಪ್ರೋಟೀನಿಗೇ ಅಲರ್ಜಿಯ ಪ್ರತಿಕಾಯ ಸಿಕ್ಕಿತ್ತು. ಬೇರೆ ಕಂಪನಿಯದ್ದನ್ನು ಕೊಟ್ಟು ನೋಡುವುದಕ್ಕೆ ಅರ್ಥ ಇರುವುದು ಇದರಿಂದಲೇ.

ನಾಯಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. 2005ರಲ್ಲಿ ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ ಪ್ರಕಟವಾಯಿತು. ಲಸಿಕೆ ಕೊಟ್ಟ 3 ದಿನದೊಳಗೆ ತೊಂದರೆ ಕಾಣಿಸಿದ್ದು 10,000 ನಾಯಿಗಳಲ್ಲಿ ಸುಮಾರು 38ಕ್ಕೆ. ಅಂದರೆ ಅಪರೂಪವೇ. ಆದರೆ 10 ಕಿಲೋ ಒಳಗಿನ ನಾಯಿಗಳಲ್ಲಿ, ಒಂದೇ ದಿನ ಹೆಚ್ಚುವರಿಯಾಗಿ ಕೊಟ್ಟ ಪ್ರತಿ ಲಸಿಕೆಗೂ ಅಪಾಯ ಶೇಕಡಾ 27ರಷ್ಟು ಏರುತ್ತಿತ್ತು. 12 ಕಿಲೋ ಮೀರಿದ ನಾಯಿಗಳಲ್ಲಿ ಈ ಏರಿಕೆ ಶೇಕಡಾ 12 ಮಾತ್ರ. ನನ್ನ 6 ಕಿಲೋ ರಾಣಿಗೆ ಒಂದೇ ದಿನ ಎಲ್ಲವನ್ನೂ ಕೊಡಿಸಿದ್ದೆನಲ್ಲ ಅನ್ನಿಸಿತು.

ಹಾಗಾದರೆ ಸಣ್ಣ ನಾಯಿಗೆ ಅರ್ಧ ಡೋಸ್ ಕೊಡಬಹುದಲ್ವಾ? ಇದನ್ನು ಎಲ್ಲರೂ ಕೇಳುತ್ತಾರಂತೆ, ನಾನೂ ಕೇಳಿದೆ. ಲಸಿಕೆ ನೋವಿನ ಮಾತ್ರೆಯ ಹಾಗಲ್ಲ, ತೂಕ ನೋಡಿ ಕೊಡುವುದಲ್ಲ. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸಲು ಇಷ್ಟು ಅಂತ ಬೇಕೇ ಬೇಕು, ನಾಯಿ ಚಿಕ್ಕದಾದರೂ ದೊಡ್ಡದಾದರೂ ಅಷ್ಟೇ. ಅರ್ಧ ಕೊಟ್ಟರೆ ಅಲರ್ಜಿ ತಪ್ಪುತ್ತದೆ ಅನ್ನುವ ಖಾತ್ರಿ ಇಲ್ಲ, ರಕ್ಷಣೆ ಸಿಗುತ್ತದೆ ಅನ್ನುವುದಂತೂ ಇನ್ನೂ ಇಲ್ಲ. ಅಲರ್ಜಿ ಇದ್ದವರಿಗೆ ಒಂದು ಚಿಟಿಕೆಯೂ ಸಾಕಾಗುತ್ತದಲ್ಲ! ಪೂರ್ತಿ ಡೋಸನ್ನೇ ಅರ್ಧ ಎಂಎಲ್‌ನಲ್ಲಿ ತುಂಬಿ ಮಾಡಿದ ಲಸಿಕೆಗಳು ಇವೆ, ಅದು ಬೇರೆ ಮಾತು.

ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಟೈಟರ್ ಟೆಸ್ಟ್. ಡಿಸ್ಟೆಂಪರ್, ಪಾರ್ವೋ, ಅಡಿನೋವೈರಸ್ ಈ ಮೂರಕ್ಕೆ ಮೈಯಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ರಕ್ತಪರೀಕ್ಷೆ. ಕ್ಲಿನಿಕ್ಕಿನಲ್ಲೇ ಮಾಡುವ ಕಿಟ್ ಬರುತ್ತದೆ. ಒಂದು ಬಾಚಣಿಗೆಯಂಥ ಪ್ಲಾಸ್ಟಿಕ್ ತುಂಡನ್ನು ಒಂದೊಂದೇ ಗುಳಿಯಲ್ಲಿ ಅದ್ದುತ್ತಾ ಹೋಗುತ್ತಾರೆ. ಸುಮಾರು ಅರ್ಧ ಗಂಟೆಯಲ್ಲಿ ಬೂದುಬಣ್ಣದ ಚುಕ್ಕೆಗಳು ಮೂಡುತ್ತವೆ. ಚುಕ್ಕೆ ಗಾಢವಾದಷ್ಟೂ ಪ್ರತಿಕಾಯ ಜಾಸ್ತಿ. ಚುಕ್ಕಿಯದ್ದು ಮೂರೂ ಗಾಢವಾಗಿಯೇ ಬಂತು. ಅಂದರೆ ಈ ಮೂರು ರೋಗಕ್ಕೆ ಅವಳ ಮೈ ಆಗಲೇ ಸಿದ್ಧವಾಗಿತ್ತು. ವರ್ಷ ವರ್ಷ ಅದನ್ನೇ ಮತ್ತೆ ಕೊಡಿಸುತ್ತಿದ್ದೆ ಸುಮ್ನೆ.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ಮರಿಯಾಗಿದ್ದಾಗಿನ ಸರಣಿ ಸರಿಯಾಗಿ ಮುಗಿದಿದ್ದರೆ ಈ ಮೂರು ಲಸಿಕೆಗಳನ್ನು 3 ವರ್ಷಕ್ಕಿಂತ ಬೇಗ ಕೊಡಬೇಕಾಗಿಲ್ಲ ಅಂತ ಡಬ್ಲ್ಯೂಎಸ್‌ಎವಿಎ ಮಾರ್ಗಸೂಚಿಯಲ್ಲೇ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೊನಾಲ್ಡ್ ಶುಲ್ಟ್ಸ್ ವರ್ಷಗಟ್ಟಲೆ ಇದರ ಮೇಲೇ ಕೆಲಸ ಮಾಡಿದವರು. ಇವುಗಳ ರಕ್ಷಣೆ 7 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇರಬಲ್ಲದು ಅಂತ ತೋರಿಸಿದ್ದಾರೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಇದನ್ನು ಓದಿ ಯಾರೂ ಮರಿಗಳ ಇಂಜೆಕ್ಷನ್ ತಪ್ಪಿಸಬೇಡಿ. ತಾಯಿಹಾಲಿನಿಂದ ಬಂದ ಪ್ರತಿಕಾಯ ಲಸಿಕೆಯ ಕೆಲಸವನ್ನೇ ತಡೆಯುತ್ತದೆ. ಅದಕ್ಕೇ ಮರಿಗಳಿಗೆ ಕೆಲವು ವಾರಕ್ಕೊಮ್ಮೆ ಕೊಡುತ್ತಾ, 16 ವಾರ ತುಂಬಿದ ಮೇಲೆ ಕೊನೆಯದನ್ನು ಕೊಡುವುದು. ಚುಕ್ಕಿಗೆ ಅದೆಲ್ಲ ಆಗಿತ್ತು. ಪಾರ್ವೋ ಬಂದ ಮರಿಯನ್ನು ಆ ಕ್ಲಿನಿಕ್ಕಿನಲ್ಲೇ ಒಮ್ಮೆ ನೋಡಿದ್ದೆ. ಆ ವಾಸನೆ ಇನ್ನೂ ಮರೆತಿಲ್ಲ.

ಟೈಟರ್ ಎಲ್ಲದಕ್ಕೂ ನಡೆಯುವುದಿಲ್ಲ. ಇಲಿಜ್ವರಕ್ಕೆ, ನಾಯಿಯಿಂದ ನಾಯಿಗೆ ಹರಡುವ ಕೆನ್ನೆಲ್ ಕೆಮ್ಮಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕೆನ್ನೆಲ್ ಕೆಮ್ಮಿನದ್ದು ಸುಲಭವಾಗಿತ್ತು. ಅದಕ್ಕೆ ಚುಚ್ಚುವ ಲಸಿಕೆಯ ಬದಲು ಮೂಗಿಗೆ ಹನಿ ಬಿಡುವುದು ಇದೆ. ಅವಳು ಬೇರೆ ನಾಯಿಗಳ ಜೊತೆ ಇರುವುದೇ ಅಪರೂಪ, ಹಾಗಾಗಿ ಅದನ್ನೂ ಕೈಬಿಟ್ಟೆವು.

ರೇಬಿಸ್‌ಗೆ ಬದಲಿ ಇಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯಾದರೂ ಮನುಷ್ಯರಾದರೂ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಪ್ರತಿಕಾಯ ಅಳೆಯುವ ಪರೀಕ್ಷೆ ಅದಕ್ಕೂ ಇದೆ. ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಇರಬೇಕು ಅನ್ನುವುದು ವಿದೇಶಕ್ಕೆ ಕರೆದೊಯ್ಯುವವರಿಗೆಲ್ಲ ಗೊತ್ತಿರುವ ಅಂಕಿ. ಆದರೆ ಆ ಪರೀಕ್ಷೆ ಲಸಿಕೆಯ ಜಾಗಕ್ಕೆ ಬರುವುದಿಲ್ಲ. ಜೀವಕ್ಕೇ ಅಪಾಯ ಅನ್ನುವಂಥ ನಾಯಿಗೆ ವೈದ್ಯರು ವಿನಾಯಿತಿ ಪತ್ರ ಕೊಡಲು ಕೆಲವು ಕಡೆ ಕಾನೂನಿನಲ್ಲಿ ಅವಕಾಶ ಇದೆ, ಎಲ್ಲ ಕಡೆ ಇಲ್ಲ. ನಾವು ಅದಕ್ಕೆ ಹೋಗಲಿಲ್ಲ. 3 ವರ್ಷದ ಲೇಬಲ್ ಇರುವ ರೇಬಿಸ್ ಲಸಿಕೆ, ಬೇರೆ ಕಂಪನಿಯದ್ದು, ಅದೊಂದನ್ನೇ ಕೊಡೋಣ ಅಂತಾಯಿತು.

ಆ ದಿನಕ್ಕೆ ನಾನು ತಯಾರಾದದ್ದು ಪರೀಕ್ಷೆಗೆ ಓದಿದ ಹಾಗೆ. ಹಿಂದೆ ಮುಂದೆ ಎರಡು ವಾರ ಹೊಸ ತಿಂಡಿ ಇಲ್ಲ, ಹೊಸ ಶಾಂಪೂ ಇಲ್ಲ, ಉಣ್ಣಿಯ ಔಷಧಿ ಇಲ್ಲ. ಏನಾದರೂ ಆದರೆ ಯಾವುದರಿಂದ ಆಯಿತು ಅಂತ ಗೊತ್ತಾಗಬೇಕಲ್ಲ. ಬೆಳಗ್ಗೆ ಮೊದಲನೆಯವರಾಗಿ ಹೋದೆವು. ಸಂಜೆ ಹಾಕಿಸಿದರೆ ತೊಂದರೆ ಶುರುವಾಗುವ ಹೊತ್ತಿಗೆ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ಡಾಕ್ಟರು ಹೇಳಿದ ಅಲರ್ಜಿ ಔಷಧಿಯನ್ನು ಅವರು ಹೇಳಿದ ಪ್ರಮಾಣದಲ್ಲೇ ಮೊದಲೇ ಕೊಟ್ಟಿದ್ದೆ. ಮನೆಯಲ್ಲಿರುವ ಶೀತದ ಮಾತ್ರೆ ಕೊಡಲು ಹೋಗಬೇಡಿ. ಮೂಗು ಕಟ್ಟಿದ್ದಕ್ಕೆ ಅಂತ ಕೆಲವದರಲ್ಲಿ ಸೇರಿಸುವ ಔಷಧಿ ನಾಯಿಗೆ ವಿಷ. ಮುಂಚೆ ಅಲರ್ಜಿ ಔಷಧಿ ಕೊಟ್ಟರೆ ಊತ, ದದ್ದು ಕಡಿಮೆಯಾಗಬಹುದು. ಕುಸಿದು ಬೀಳುವಂಥ ದೊಡ್ಡ ಅಲರ್ಜಿಯನ್ನು ಅದು ತಡೆಯುತ್ತದೆ ಅಂತ ನಂಬಿಕೊಂಡು ಕೂರುವಂತಿಲ್ಲ. ಅದಕ್ಕೇ ಡಾಕ್ಟರು ಅಡ್ರಿನಲಿನ್ ಇಂಜೆಕ್ಷನ್ನನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡೇ ಲಸಿಕೆ ಕೊಟ್ಟರು.

ಆಮೇಲೆ ಹೊರಗಿನ ಬೆಂಚಿನ ಮೇಲೆ ಮೂರು ಗಂಟೆ ಕೂತೆವು. ಪ್ರತಿ ಹತ್ತು ನಿಮಿಷಕ್ಕೆ ಅವಳ ತುಟಿ ಎತ್ತಿ ಒಸಡಿನ ಬಣ್ಣ ನೋಡುತ್ತಿದ್ದೆ. ಬಿಳಿಚಿಕೊಂಡರೆ ಕೆಟ್ಟ ಸೂಚನೆ. ನಾಲ್ಕನೇ ಸಲಕ್ಕೆ ಅವಳಿಗೆ ಬೇಜಾರಾಗಿ ಗುರ್ರ್ ಅಂದಳು. ನನಗೆ ಅಷ್ಟು ಖುಷಿಯಾದದ್ದು ಯಾವತ್ತೂ ಇಲ್ಲ. ಕೊನೆಗೆ ಏನೂ ಆಗಲಿಲ್ಲ. ಚುಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಇತ್ತು, ಕೆಲವು ವಾರದಲ್ಲಿ ಕರಗಿತು.

ಎರಡು ತಿಂಗಳ ನಂತರ ಇಲಿಜ್ವರದ್ದು. ಇದರ ಬಗ್ಗೆ ನಾನು ಹಿಂದೇಟು ಹಾಕುತ್ತಿದ್ದೆ, ಆದರೂ ಬಿಡಲು ಮನಸ್ಸಿರಲಿಲ್ಲ. ಇಲಿಯ ಮೂತ್ರ ಬಿದ್ದ ನೀರಿನಿಂದ ಬರುವ ರೋಗ, ನಾಯಿಯಿಂದ ಮನುಷ್ಯರಿಗೂ ಹರಡುತ್ತದೆ. ಡಬ್ಲ್ಯೂಎಸ್‌ಎವಿಎ 2024ರಲ್ಲಿ, ಈ ರೋಗ ಇರುವ ಕಡೆಗಳಲ್ಲಿ ಇದನ್ನೂ ಮುಖ್ಯ ಲಸಿಕೆಗಳ ಸಾಲಿಗೆ ಸೇರಿಸಿತು. ರಕ್ಷಣೆ ಇರುವುದು ಸುಮಾರು ಒಂದು ವರ್ಷ, ಹಾಗಾಗಿ ವರ್ಷವೂ ಬೇಕು. ಅದೇ ತಯಾರಿ, ಅದೇ ಬೆಂಚು. ಐವತ್ತನೇ ನಿಮಿಷಕ್ಕೆ ಕಣ್ಣಿನ ಸುತ್ತ ಊದತೊಡಗಿತು. ಒಳಗೆ ಓಡಿದೆವು. ಈ ಸಲ ವಾಂತಿ ಆಗಲಿಲ್ಲ, ಅರ್ಧ ದಿನದಲ್ಲಿ ಇಳಿಯಿತು.

ಹಿಂದಿನ ಎರಡು ಸಲವೂ ಇದೇ ಕಾರಣ ಅಂತ ಹೇಳಬಹುದಾ? ಖಂಡಿತ ಅಂತ ಡಾಕ್ಟರೂ ಹೇಳಲಿಲ್ಲ. ಆದರೆ ಕಂಬೈನ್ಡ್ ಅನ್ನು ಬಿಡಿಸಿ ಕೊಟ್ಟಿದ್ದರಿಂದಲೇ ಇಷ್ಟಾದರೂ ತಿಳಿಯಿತು. ಇಲಿಜ್ವರದ ಲಸಿಕೆ ನಿಲ್ಲಿಸಿದೆವು, ಕಂಪನಿಗೆ ಬ್ಯಾಚ್ ನಂಬರ್ ಸಮೇತ ದೂರು ಬರೆದೆವು. ಲಸಿಕೆಯ ಬದಲು ನಾನೇ ಕೆಲಸ ಮಾಡಬೇಕಾಯಿತು. ನಿಂತ ನೀರಿನ ಹತ್ತಿರ ಬಿಡುವುದಿಲ್ಲ. ಅವಳ ನೀರಿನ ಬಟ್ಟಲು, ಊಟದ ತಟ್ಟೆ ರಾತ್ರಿ ಹೊರಗೆ ಇರುವುದಿಲ್ಲ. ಮಳೆಯಲ್ಲಿ ನಡೆದು ಬಂದರೆ ಕಾಲು ಒರೆಸಲೇಬೇಕು. ಇಲಿ ಹಿಡಿಯುವ ಹವ್ಯಾಸಕ್ಕೆ ಕಡಿವಾಣ. ಡ್ಯಾಶ್‌ಹುಂಡ್‌ಗೆ ಇದನ್ನು ಒಪ್ಪಿಸುವುದು ಎಷ್ಟು ಕಷ್ಟ ಅಂತ ಸಾಕಿದವರಿಗೇ ಗೊತ್ತು. ಜ್ವರ, ವಾಂತಿ, ಕಣ್ಣು ಹಳದಿ ಯಾವುದು ಕಂಡರೂ ಕಾಯದೆ ಓಡಬೇಕು, 'ಇವಳಿಗೆ ಇಲಿಜ್ವರದ ಲಸಿಕೆ ಇಲ್ಲ' ಅಂತ ಮೊದಲು ಹೇಳಬೇಕು.

ತೊಂದರೆ ಇಲ್ಲ ಅಂತಲ್ಲ. ಊರಿಗೆ ಹೋಗುವಾಗ ನಾಯಿ ಬಿಡುವ ಜಾಗದಲ್ಲಿ ಕಾರ್ಡ್ ನೋಡಿ 'ಪೂರ್ತಿ ಇಲ್ವಲ್ಲ' ಅಂತ ಒಂದು ಕಡೆ ವಾಪಸ್ ಕಳಿಸಿದರು. ಅವರದ್ದೂ ತಪ್ಪಲ್ಲ. ಇನ್ನೊಂದು ಕಡೆ ಡಾಕ್ಟರ ಪತ್ರ ಮತ್ತು ಟೈಟರ್ ವರದಿ ನೋಡಿ ಒಪ್ಪಿಕೊಂಡರು. ಈಗ ಆ ಎರಡು ಹಾಳೆ ಅವಳ ಬೆಲ್ಟಿನ ಜೊತೆಗೇ ಇರುತ್ತವೆ.

ಚುಕ್ಕಿಗೆ ಈಗ ಏಳು ವರ್ಷ. ಕಳೆದ ತಿಂಗಳು ಮತ್ತೆ ಟೈಟರ್ ಮಾಡಿಸಿದೆವು. ಡಿಸ್ಟೆಂಪರ್, ಪಾರ್ವೋ ಗಾಢವಾಗಿಯೇ ಇವೆ, ಅಡಿನೋದ ಚುಕ್ಕೆ ಮೊದಲಿಗಿಂತ ಸ್ವಲ್ಪ ತೆಳು, ಆದರೂ ರಕ್ಷಣೆಗೆ ಬೇಕಾದ ಮಟ್ಟಕ್ಕಿಂತ ಮೇಲೇ ಇದೆ. ರೇಬಿಸ್ ಸರದಿ ಬರಲು ಇನ್ನು ಎರಡು ತಿಂಗಳು. ಬೆಳಗಿನ ಮೊದಲ ಹೊತ್ತು ನಮಗೇ ಇರಲಿ ಅಂತ ಈಗಲೇ ಹೇಳಿಟ್ಟು ಬಂದಿದ್ದೇನೆ.