ಹೆಬ್ಬೆರಳಿಗೆ ಮಗ್ಗಿ ಕಲಿಸಿದ್ದು

"ಇನ್ನೊಬ್ಬರನ್ನ ಕಾಪಿ ಹೊಡೆದ್ರೆ ಗಿಟಾರ್ ಬರಲ್ಲ ಸಾರ್" ಅಂತ ನನಗೆ ಹೇಳಿದವರು ಕಡಿಮೆ ಅಂದರೂ ನಾಲ್ಕು ಜನ. ಅವರಲ್ಲೊಬ್ಬರು ಮೂರು ತಿಂಗಳಿಗೆ ಹತ್ತಿರ ಹತ್ತಿರ 9,000 ರೂಪಾಯಿ ಫೀಸು ತಗೊಂಡು, ಬರೀ ಸ್ಟ್ರಮ್ಮಿಂಗ್ (ಎಲ್ಲಾ ತಂತಿ ಒಟ್ಟಿಗೆ ಬಾರಿಸೋದು) ಮಾಡಿಸಿ ಕಳಿಸಿದ್ದರು. ಈಗ ನನಗೆ ಫಿಂಗರ್‌ಸ್ಟೈಲ್ ಬರುತ್ತಿದೆ, ಅಂದರೆ ಹೆಬ್ಬೆರಳಲ್ಲಿ ಬಾಸ್ (ದಪ್ಪ ತಂತಿಗಳ ಕೆಳಸ್ವರ), ಉಳಿದ ಬೆರಳಲ್ಲಿ ರಾಗ ಮೀಟೋದು. ಅದೂ ಕಾಪಿ ಹೊಡೆದೇ.

ಮೊದಲು ನಾನೂ ದಡ್ಡತನ ಮಾಡಿದೆ. ಆಸ್ಟ್ರೇಲಿಯಾದ ಗಿಟಾರಿಸ್ಟ್ ಟಾಮಿ ಇಮ್ಯಾನ್ಯುಯೆಲ್ ವಿಡಿಯೋ ನೋಡಿ ನೇರ ಅದಕ್ಕೇ ಕೈ ಹಾಕಿದೆ. ಎಂಟು ತಿಂಗಳಲ್ಲಿ ನಾಲ್ಕು ಬಾರ್ (ತಾಳದ ಆವರ್ತ) ಕೂಡ ನೆಟ್ಟಗೆ ಬರಲಿಲ್ಲ. ತಪ್ಪು ಉಗುರಿನದು ಅನ್ನಿಸಿ, ಶಿವಮೊಗ್ಗದ ಒಂದು ಪಾರ್ಲರಿನಲ್ಲಿ 800 ಕೊಟ್ಟು ಮೂರು ಬೆರಳಿಗೆ ಅಂಟು ಉಗುರು ಹಾಕಿಸಿಕೊಂಡೆ. ವಾರದೊಳಗೆ ಒಂದು ಉಗುರು ಊಟದ ತಟ್ಟೆಗೆ ಬಿತ್ತು. ಮನೆಯವಳು ಮೂರು ದಿನ ನಕ್ಕಳು. ಹೆಬ್ಬೆರಳಿಗೆ ತೊಡಿಸೋ ಪ್ಲಾಸ್ಟಿಕ್ ಥಂಬ್ ಪಿಕ್ ತರಿಸಿದೆ, ಮೂರಕ್ಕೆ 450. ಹಾಕಿದರೆ ಹೆಬ್ಬೆರಳು ನೀಲಿಗಟ್ಟುತ್ತಿತ್ತು. ಬಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ ಹಿಗ್ಗಿಸಿದೆ. ಒಂದು ಸರಿಹೋಯಿತು, ಎರಡು ಸೊಟ್ಟಗಾದವು.

ಆಮೇಲೆ ಅಮೆರಿಕದ ಹಳೇ ಬ್ಲೂಸ್ ಗಾಯಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರ ರೆಕಾರ್ಡಿಂಗ್ ಸಿಕ್ಕಿತು. 1928ರಲ್ಲಿ ಒಂದಷ್ಟು ರೆಕಾರ್ಡಿಂಗ್ ಮಾಡಿ, ಅವು ಓಡದೆ, ಅವಲಾನ್ ಅನ್ನೋ ತಮ್ಮ ಊರಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದವರು. ಹಾಡಿನಲ್ಲಿ ಬಂದ ಊರ ಹೆಸರು ಹಿಡಿದು 1963ರಲ್ಲಿ ಅಭಿಮಾನಿಗಳು ಅವರನ್ನ ಹುಡುಕಿಕೊಂಡು ಹೋದರಂತೆ. ಅವರಿಗೂ ಮೇಷ್ಟ್ರು ಇರಲಿಲ್ಲ. ಇವರೊಬ್ಬರನ್ನೇ ಹಿಡಿಯೋಣ, ಬೇರೆ ಯಾರನ್ನೂ ಕೇಳೋದೇ ಬೇಡ ಅಂತ ಹಠ ಹಿಡಿದೆ. ಮೊದಲ ತಿಂಗಳು ದಂಡ. ಆ ಹಳೇ ರೆಕಾರ್ಡಿಂಗಿನ ಶ್ರುತಿ ನನ್ನ ಗಿಟಾರಿಗೆ ಕೂಡಲೇ ಇಲ್ಲ. ಕೊನೆಗೆ ಟ್ಯೂನರ್ ಎತ್ತಿಟ್ಟು, ರೆಕಾರ್ಡಿಂಗ್ ಕೇಳಿಕೊಂಡೇ ತಂತಿ ಬಿಗಿದೆ.

ಅಭ್ಯಾಸಕ್ಕೆ ಸಿ ಕಾರ್ಡ್ (ಕೆಲವು ಸ್ವರ ಒಟ್ಟಿಗೆ ನುಡಿಸೋ ಎಡಗೈ ಹಿಡಿತ) ಒಂದೇ. ಹೆಬ್ಬೆರಳು ಐದನೇ ತಂತಿ, ನಾಲ್ಕು, ಆರು, ಮತ್ತೆ ನಾಲ್ಕು. ಆರಕ್ಕೆ ಹೋಗುವಾಗ ಎಡಗೈ ಉಂಗುರ ಬೆರಳು ಐದರ ಮೂರನೇ ಫ್ರೆಟ್ (ಗಿಟಾರ್ ಕತ್ತಿನ ಮನೆ) ಬಿಟ್ಟು ಆರರ ಮೂರಕ್ಕೆ ಹಾರಿ, ವಾಪಸ್ ಬರಬೇಕು. ಇಷ್ಟನ್ನೇ ಆರೇಳು ವಾರ, ದಿನಾ ಮುಕ್ಕಾಲು ಗಂಟೆ ಬಾರಿಸಿದೆ. ಬೇರೆ ಬೆರಳಿಗೆ ರಜೆ. ಹೆಬ್ಬೆರಳು ತಾನಾಗಿ ಓಡುತ್ತಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ಬಾರಿಸುತ್ತಲೇ ಜೋರಾಗಿ ಮಗ್ಗಿ ಹೇಳಿದೆ. ಎರಡರ ಮಗ್ಗಿ ಸಲೀಸು. ಏಳೆಂಟ್ಲಿ ಐವತ್ತಾರು ಅನ್ನುವಾಗ ಹೆಬ್ಬೆರಳು ನಿಂತೇಬಿಡುತ್ತಿತ್ತು. ಮತ್ತೆ ಏಳೊಂದ್ಲಿ ಏಳು. "ಸಾಕು ಮಾಡ್ರೀ, ಮಗನೂ ಇಷ್ಟು ಮಗ್ಗಿ ಹೇಳಿಲ್ಲ" ಅಂತ ಒಳಗಿಂದ ಕೂಗು. ಹದಿಮೂರರ ಮಗ್ಗಿ ದಾಟಿದ ದಿನ ತೋರುಬೆರಳು, ನಡುಬೆರಳು ಸೇರಿಸಿದೆ. ಎರಡೇ ವಾರದಲ್ಲಿ ರಾಗ ಕೂತಿತು! ಅಂಗೈ ಅಂಚನ್ನು ಬ್ರಿಡ್ಜಿನ (ತಂತಿ ಕಟ್ಟಿರೋ ಪಟ್ಟಿ) ಮೇಲಿಟ್ಟು ಬಾಸ್ ಸದ್ದನ್ನ ಅದುಮೋದೂ ಇದೆ. ಆದರೆ ಎಷ್ಟು, ಎಲ್ಲಿ ಅನ್ನೋದರಲ್ಲಿ ನಂದೊಂದು ಉಪಾಯ ಇದೆ. ಅದನ್ನ ಸದ್ಯಕ್ಕೆ ಹೇಳಲ್ಲ.

ಮಧ್ಯೆ ಒಂದಿಷ್ಟು ಹುಚ್ಚಾಟ. ಅಮೆರಿಕದ ಜಾನಪದ ಗಾಯಕಿ ಎಲಿಜಬೆತ್ ಕಾಟನ್ ಎಡಗೈಯವರು. ಮಾಮೂಲಿ ಗಿಟಾರನ್ನೇ ತಲೆಕೆಳಗೆ ಹಿಡಿದು ಬೆರಳಲ್ಲಿ ಬಾಸ್, ಹೆಬ್ಬೆರಳಲ್ಲಿ ರಾಗ ಬಾರಿಸುತ್ತಿದ್ದರು. ಅದನ್ನೂ ನೋಡೇಬಿಡೋಣ ಅಂತ ಗಿಟಾರ್ ತಿರುಗಿಸಿ ಹಿಡಿದೆ, ಅರ್ಧ ಗಂಟೆಗೆ ಕುತ್ತಿಗೆ ಉಳುಕಿತು. ಇನ್ನೊಂದು ಸಲ ಇದೇ ಬಾಸಿನ ಮೇಲೆ ಮೋಹನ ರಾಗ ಕೂರಿಸಿದೆ. ಸಿ ಕಾರ್ಡಿನಲ್ಲಿ ಹೆಬ್ಬೆರಳಿಗೆ ಸಿಗೋದು ಸ ಗ ಪ ತಾನೇ, ಚೆನ್ನಾಗಿಯೇ ಹೊಂದುತ್ತದೆ. ಎಫ್ ಕಾರ್ಡಿಗೆ ಹೋದರೆ ಮುಗೀತು, ಮಧ್ಯಮ ನುಗ್ಗಿ ಮೋಹನ ಎದ್ದು ಹೋಗುತ್ತದೆ.

ಎಲ್ಲಾ ಸೇರಿ, ಗಿಟಾರ್ ಬಿಟ್ಟು, ಒಂದು 15,000 ಖರ್ಚಾಗಿರಬಹುದು. ಅದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಒಂದು ಥಂಬ್ ಪಿಕ್, ನಾಲ್ಕು ಸೆಟ್ ತಂತಿ. ಹೋದ ತಿಂಗಳು ಭಾವನ ಮನೆ ಗೃಹಪ್ರವೇಶದಲ್ಲಿ ಬಾರಿಸಿದೆ. ಫೀಸು ತಗೊಂಡಿದ್ದ ಆ ಮೇಷ್ಟ್ರೂ ಬಂದಿದ್ದರು. "ಯಾರ ಹತ್ರ ಕಲಿತ್ರಿ?" ಅಂದರು. ಸುಮ್ನೆ ನಕ್ಕೆ.

ಈಗ ಅಮೆರಿಕದ ಇನ್ನೊಬ್ಬ ಗಿಟಾರಿಸ್ಟ್ ಚೆಟ್ ಅಟ್ಕಿನ್ಸ್ ಅವರನ್ನ ಹಿಡಿದಿದ್ದೇನೆ. ಅವರಿಗೆ ಉಂಗುರ ಬೆರಳೂ ಬೇಕು. ಹರ್ಟ್ ತರಹ ಅಂತ ನಾನದನ್ನ ಎರಡು ವರ್ಷ ಗಿಟಾರಿನ ಮರಕ್ಕೆ ಊರಿಸಿಟ್ಟಿದ್ದೆ, ಈಗ ಅದು ಏಳೋದಿಲ್ಲ ಅಂತ ಕೂತಿದೆ. ಮತ್ತೆ ಎರಡರ ಮಗ್ಗಿಯಿಂದ ಶುರು.