ಸ್ಯಾಟ್ ಬರೆಯದೆ ಅಮೆರಿಕದ ಕಾಲೇಜಿಗೆ ಅರ್ಜಿ: ನಮ್ಮ ಪಿಯು ಮಕ್ಕಳಿಗೆ

ಮಂಡ್ಯದ ಪಿಯು ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅಮೆರಿಕದಲ್ಲಿ ಡಿಗ್ರಿ ಓದುವ ಆಸೆ ಇರುವ ಮಕ್ಕಳು ಈಗ ನಮ್ಮಲ್ಲೂ ಇದ್ದಾರೆ. ಆದರೆ ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆ ಬರೆದಿಲ್ಲ ಅನ್ನುವ ಒಂದೇ ಕಾರಣಕ್ಕೆ ಆ ಮಾತನ್ನೇ ಬಿಟ್ಟುಬಿಡುತ್ತಾರೆ. ಸಿಇಟಿ, ನೀಟ್ ನೋಡಿಕೊಂಡು ಬೆಳೆದವರಿಗೆ ರ್‍ಯಾಂಕ್ ಇಲ್ಲದೆ ಸೀಟು ಸಿಗುತ್ತದೆ ಅಂದರೆ ನಂಬಿಕೆ ಬರೋದಿಲ್ಲ. ಅಲ್ಲಿ ಇದು ಹೊಸದೇನಲ್ಲ. ಅಮೆರಿಕದ ಮೇನ್ ರಾಜ್ಯದ ಬೋಡಿನ್ ಕಾಲೇಜು 1969ರಲ್ಲೇ ಟೆಸ್ಟ್ ಅಂಕ ಕಡ್ಡಾಯವಲ್ಲ ಎಂದಿತ್ತು. 2020ರ ಕೋವಿಡ್ ಸಮಯದಲ್ಲಿ ನೂರಾರು ಕಾಲೇಜುಗಳು ಅದೇ ದಾರಿ ಹಿಡಿದವು.

ಮೊದಲು ನೀವು ಅರ್ಜಿ ಹಾಕುವ ಕಾಲೇಜಿನ ನಿಯಮ ಯಾವುದು ಎಂದು ನೋಡಿ. ಟೆಸ್ಟ್ ಆಪ್ಷನಲ್ ಅಂದರೆ ಅಂಕ ಕೊಟ್ಟರೆ ನೋಡುತ್ತಾರೆ, ಕೊಡದಿದ್ದರೆ ಉಳಿದದ್ದನ್ನು ನೋಡಿ ತೀರ್ಮಾನಿಸುತ್ತಾರೆ. ಟೆಸ್ಟ್ ಬ್ಲೈಂಡ್ ಅಂದರೆ ಕೊಟ್ಟರೂ ನೋಡುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್ ಎಲ್ಲ ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಈ ಗುಂಪಿನದು. ಇನ್ನು ಕೆಲವರು ಹಿಂದಕ್ಕೆ ಹೋಗಿದ್ದಾರೆ. ಮ್ಯಾಸಚುಸೆಟ್ಸ್‌ನ ಎಂಐಟಿ 2022ರಲ್ಲಿ ಟೆಸ್ಟನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಕೂಡ ಹಾಗೇ ಹೇಳಿದವು. ಆದ್ದರಿಂದ ಹಳೇ ವಿಡಿಯೊ, ಪರಿಚಯದವರ ಮಾತು ನಂಬಬೇಡಿ. ಕಾಲೇಜಿನ ವೆಬ್‌ಸೈಟಿನಲ್ಲಿ ನೀವು ಸೇರುವ ವರ್ಷದ ನಿಯಮವನ್ನೇ ಓದಿ. ವಿದೇಶಿ ವಿದ್ಯಾರ್ಥಿಗಳಿಗೆ ಬೇರೆ ಸಾಲು ಇದೆಯಾ ಅದನ್ನೂ ನೋಡಿ. ಪ್ರವೇಶಕ್ಕೆ ಟೆಸ್ಟ್ ಬೇಡ, ಆದರೆ ಸ್ಕಾಲರ್‌ಶಿಪ್‌ಗೆ ಬೇಕು ಅನ್ನುವವರೂ ಇದ್ದಾರೆ.

ಟೆಸ್ಟ್ ಅಂಕ ಇಲ್ಲ ಅಂದಮೇಲೆ ನಿಮ್ಮ ನಾಲ್ಕು ವರ್ಷದ ಓದೇ ಮಾತಾಡಬೇಕು. ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗೆ ಎಲ್ಲ ಅಂಕಪಟ್ಟಿ ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯದು ಎಲ್ಲರ ಮನೆಯಲ್ಲೂ ಭದ್ರವಾಗಿರುತ್ತದೆ. ಸಿಗದೇ ಇರುವುದು ಒಂಬತ್ತನೇದು. ಅದು ಬರೀ ಪ್ರಗತಿ ಪತ್ರ, ಬಹಳ ಸಲ ಕನ್ನಡದಲ್ಲೇ ಇರುತ್ತದೆ, ಎಷ್ಟೋ ಮನೆಗಳಲ್ಲಿ ಕಳೆದೂ ಹೋಗಿರುತ್ತದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಕೂಡಲೇ ನಿಮ್ಮ ಹೈಸ್ಕೂಲಿಗೆ ಹೋಗಿ. ಹೆಡ್‌ಮಾಸ್ಟರಿಗೆ ಒಂದು ಅರ್ಜಿ ಬರೆದುಕೊಡಿ. ಶಾಲೆಯ ದಾಖಲೆಯಿಂದ ಅಂಕ ತೆಗೆದು, ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಸಹಿ, ಸೀಲು ಹಾಕಿಸಿಕೊಳ್ಳಿ. ಅಕ್ಟೋಬರಿನಲ್ಲಿ ಹೋದರೆ ದಸರಾ ರಜೆಗೆ ಬೀಗ ಬಿದ್ದಿರುತ್ತದೆ.

ಬಹಳಷ್ಟು ಕಾಲೇಜುಗಳಿಗೆ ಕಾಮನ್ ಆ್ಯಪ್ ಅನ್ನುವ ಒಂದೇ ವೆಬ್‌ಸೈಟಿನಿಂದ ಅರ್ಜಿ ಹಾಕಬಹುದು. ಅದರಲ್ಲಿ ಟೆಸ್ಟಿಂಗ್ ವಿಭಾಗ ಬಂದಾಗ ಮಕ್ಕಳು ಗಾಬರಿಯಾಗುತ್ತಾರೆ. ಅಂಕ ತಿಳಿಸುತ್ತೀರಾ ಅಂದರೆ, ತಿಳಿಸುವ ಅಂಕ ಯಾವುದೂ ಇಲ್ಲದಿದ್ದರೆ ಧೈರ್ಯವಾಗಿ ಇಲ್ಲ ಅನ್ನಿ. ಅಲ್ಲೇ ಇನ್ನೊಂದು ಪ್ರಶ್ನೆ ಇದೆ: ನಿಮ್ಮ ದೇಶದಲ್ಲಿ ಮುಂದಿನ ಹಂತಕ್ಕೆ ಹೋಗಲು ಬೋರ್ಡ್ ಪರೀಕ್ಷೆ ಪಾಸಾಗಬೇಕೇ? ಅದಕ್ಕೆ ಹೌದು ಅನ್ನಬೇಕು. ನಮ್ಮ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಅದೇ ತಾನೆ. ಜೊತೆಗೆ ಒಂದೊಂದು ಕಾಲೇಜಿನ ಸ್ವಂತ ಪುಟದಲ್ಲೂ ಟೆಸ್ಟ್ ಅಂಕ ಪರಿಗಣಿಸಬೇಕೇ ಎಂದು ಕೇಳುವುದುಂಟು. ಎರಡೂ ಕಡೆ ಉತ್ತರ ಒಂದೇ ಇರಲಿ.

ಕೌನ್ಸೆಲರ್, ಅಂದರೆ ಕಾಲೇಜಿನ ಪರವಾಗಿ ನಿಮ್ಮ ಬಗ್ಗೆ ಬರೆದು ಕಳಿಸುವವರು, ಎಂಬ ಜಾಗದಲ್ಲಿ ಯಾರ ಹೆಸರು ಹಾಕೋದು? ನಮ್ಮ ಕಡೆ ಅಂಥ ಹುದ್ದೆಯೇ ಇಲ್ಲ. ಪ್ರಿನ್ಸಿಪಾಲರು ಅಥವಾ ಅವರು ಹೇಳಿದ ಉಪನ್ಯಾಸಕರು ಆ ಕೆಲಸ ಮಾಡಬಹುದು. ಅವರಿಂದ ಕಾಲೇಜಿನ ಪರಿಚಯ ಪತ್ರ ಒಂದು ಪುಟ ಬರೆಸಿ. ಪಿಯುಸಿ ಒಟ್ಟು 600 ಅಂಕ, ಶೇಕಡಾ 85ಕ್ಕೆ ಡಿಸ್ಟಿಂಕ್ಷನ್, 60ಕ್ಕೆ ಫಸ್ಟ್ ಕ್ಲಾಸ್ ಎಂದು ಅದರಲ್ಲಿ ಇರಲೇಬೇಕು. ನಿಮ್ಮ ಕಾಲೇಜಿನಲ್ಲಿ ಎಷ್ಟು ಮಂದಿಗೆ ಡಿಸ್ಟಿಂಕ್ಷನ್ ಬಂತು ಎಂಬುದೂ ಇರಲಿ. ಇದಿಲ್ಲದಿದ್ದರೆ ನಿಮ್ಮ 88ರ ಬೆಲೆ ದೂರದಲ್ಲಿ ಕೂತು ಓದುವವರಿಗೆ ಗೊತ್ತಾಗೋದು ಹೇಗೆ?

ಮೇಷ್ಟ್ರ ಶಿಫಾರಸು ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಅದನ್ನು ಬರೆಯುವವನು ನಾನೇ. 'ವಿಧೇಯ, ಶ್ರಮಜೀವಿ, ಉತ್ತಮ ನಡತೆ' ಎಂಬ ಸಾಲು ಎಲ್ಲರಿಗೂ ಹೊಂದುತ್ತದೆ, ಯಾರಿಗೂ ಉಪಯೋಗವಿಲ್ಲ. ಒಬ್ಬ ವಿದ್ಯಾರ್ಥಿನಿಗೆ ನಾನು ಬರೆದದ್ದು ವಿದ್ಯುತ್ ರೋಧ ಅಳೆಯುವ ಮೀಟರ್ ಬ್ರಿಡ್ಜ್ ಪ್ರಯೋಗದ ಬಗ್ಗೆ. ಗ್ಯಾಲ್ವನೊಮೀಟರಿನ ಮುಳ್ಳು ಒಂದೇ ಕಡೆಗೆ ಹೋಗುತ್ತಿತ್ತು. ಬೇರೆಯವರು ಪಕ್ಕದ ಟೇಬಲ್ಲಿನ ಅಂಕಿ ನಕಲು ಮಾಡಿಕೊಂಡರು. ಇವಳು ಒಂದೊಂದೇ ತಂತಿ ಬಿಚ್ಚಿ ನೋಡಿದಳು. ಕಿಲುಬು ಹಿಡಿದಿದ್ದ ತುದಿಗಳನ್ನು ಮರಳು ಕಾಗದದಲ್ಲಿ ಉಜ್ಜಿದಳು. ಬೆಲ್ ಹೊಡೆದ ಮೇಲೂ ಕೂತು ರೀಡಿಂಗ್ ತೆಗೆದಳು. ಹೀಗೆ ಬರೆಯಬಲ್ಲ ಮೇಷ್ಟ್ರನ್ನು ಆರಿಸಿ, ಅವರೇ ಜಾಸ್ತಿ ಅಂಕ ಕೊಟ್ಟವರು ಆಗಬೇಕಿಲ್ಲ. ಒಂದು ತಿಂಗಳು ಮೊದಲೇ ಕೇಳಿ. ತರಗತಿಯಲ್ಲಿ ನಡೆದ ಎರಡು ಮೂರು ಸಂಗತಿ ಚೀಟಿಯಲ್ಲಿ ಬರೆದುಕೊಡಿ, ನಮಗೂ ಎಲ್ಲ ನೆನಪಿರೋದಿಲ್ಲ. ಪತ್ರ ನೋಡುವ ಹಕ್ಕು ಬಿಡುತ್ತೀರಾ ಎಂದು ಅರ್ಜಿ ಕೇಳುತ್ತದೆ. ಬಿಡುತ್ತೇನೆ ಅನ್ನಿ. ಮೇಷ್ಟ್ರು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ ಅಂತ ಕಾಲೇಜಿನವರು ನಂಬುತ್ತಾರೆ.

ಚಟುವಟಿಕೆಗಳ ಪಟ್ಟಿಯಲ್ಲಿ 10 ಜಾಗ ಇದೆ. ನಮ್ಮ ಮಕ್ಕಳು ಅದನ್ನು ಖಾಲಿ ಬಿಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಡಿಬೇಟ್ ಕ್ಲಬ್ಬು ಇಲ್ಲ ಸಾರ್, ಏನು ಬರೆಯೋದು ಅನ್ನುತ್ತಾರೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೀರಲ್ಲ! ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಎಷ್ಟು ಸೊಪ್ಪು ತಿನ್ನುತ್ತದೆ, ಆ ವಾರ ಮನೆಯವರಿಗೆ ನಿದ್ದೆ ಎಷ್ಟು ಎಂದು ಮಳವಳ್ಳಿ, ಮದ್ದೂರು ಕಡೆಯವರಿಗೆ ಹೇಳಿಕೊಡಬೇಕಾ? ಕುಟುಂಬದ ಜವಾಬ್ದಾರಿ ಎಂಬ ವರ್ಗವೇ ಆ ಪಟ್ಟಿಯಲ್ಲಿದೆ. ವಿವರಕ್ಕೆ 150 ಅಕ್ಷರ ಮಾತ್ರ. 'ಅಪ್ಪನಿಗೆ ಸಹಾಯ' ಅಂತ ಬರೆದು ಸುಮ್ನಾಗಬೇಡಿ. ಸೊಪ್ಪು ಕೊಯ್ದು ಹಾಕುತ್ತೇನೆ, ಹುಳುಮನೆಯ ಶಾಖ, ತೇವ ಬರೆದಿಡುತ್ತೇನೆ, ಗೂಡು ಮಾರಿದ ಲೆಕ್ಕ ನೋಡುತ್ತೇನೆ, ಹೀಗೆ ಬರೆಯಿರಿ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಕೇಳುತ್ತಾರೆ. ನಿಜವಾದ ಲೆಕ್ಕ ಹಾಕಿ.

ಪ್ರಬಂಧ 650 ಪದದೊಳಗೆ ಇರಬೇಕು. ನೀವೇ ಬರೆಯಿರಿ, ದುಡ್ಡು ಕೊಟ್ಟು ಬರೆಸಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬೇರೆ ಅರ್ಜಿ: 8 ಪ್ರಶ್ನೆಗಳಲ್ಲಿ 4ಕ್ಕೆ, ತಲಾ 350 ಪದದೊಳಗೆ ಉತ್ತರ.

ಸ್ಯಾಟ್ ಬೇಡ ಅಂದ ಮಾತ್ರಕ್ಕೆ ಇಂಗ್ಲಿಷ್ ಪರೀಕ್ಷೆ ತಪ್ಪಿತು ಅಂದುಕೊಳ್ಳಬೇಡಿ. ಟೋಫೆಲ್, ಐಇಎಲ್‌ಟಿಎಸ್ ಅಥವಾ ಡುಯೊಲಿಂಗೊ ಬೇಕಾಗುತ್ತದೆ. ಡುಯೊಲಿಂಗೊ ಮನೆಯಿಂದಲೇ ಬರೆಯಬಹುದು, ಕರೆಂಟು, ನೆಟ್ಟು ಕೈಕೊಡದ ಹೊತ್ತು ನೋಡಿಕೊಳ್ಳಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಕೆಲವು ಕಾಲೇಜು ವಿನಾಯಿತಿ ಕೊಡುತ್ತವೆ, ಕೇಳಿ ನೋಡಿ.

ದುಡ್ಡಿನ ಮಾತನ್ನು ಮನೆಯಲ್ಲಿ ಮೊದಲೇ ಆಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದೇಶಿಯರಿಗೆ ಸರ್ಕಾರಿ ನೆರವು ಇಲ್ಲ, ಶುಲ್ಕ ಮಾತ್ರ ಭಾರಿ. ಬೋಡಿನ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿಯ ಮನೆಯ ಆದಾಯ ನೋಡದೆ ಪ್ರವೇಶ ತೀರ್ಮಾನಿಸುತ್ತವೆ. ಬೇರೆ ಬಹಳ ಕಡೆ ನೆರವು ಕೇಳಿದ್ದೂ ಆ ತೀರ್ಮಾನಕ್ಕೆ ತಾಗುತ್ತದೆ. ಅರ್ಜಿ ಶುಲ್ಕ ಕಟ್ಟಲು ಕಷ್ಟವಾದರೆ ಕಾಲೇಜಿಗೇ ಇಮೇಲ್ ಬರೆದು ಮನ್ನಾ ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಬೇಗ ಹಾಕುವವರಿಗೆ ನವೆಂಬರ್ 1ರ ಆಸುಪಾಸು ಕೊನೆ ದಿನ, ಉಳಿದವರಿಗೆ ಸಾಮಾನ್ಯವಾಗಿ ಜನವರಿಯ ಮೊದಲೆರಡು ವಾರ. ಅರ್ಜಿ ಹೋದ ಮೇಲೆ ಮಧ್ಯವಾರ್ಷಿಕ ಅಂಕವನ್ನು ನಿಮ್ಮ ಪಿಯು ಕಾಲೇಜೇ ಕಳಿಸಬೇಕು. ನಮ್ಮ ಬೋರ್ಡ್ ಫಲಿತಾಂಶ ಆಗ ಬಂದಿರೋದಿಲ್ಲ, ಅರ್ಧವಾರ್ಷಿಕ ಪರೀಕ್ಷೆಯ ಅಂಕವೇ ಲೆಕ್ಕಕ್ಕೆ ಬರುತ್ತದೆ. ಅದನ್ನು ಮಕ್ಕಳು ಹಗುರವಾಗಿ ಬರೆಯುತ್ತಾರೆ. ನೀವು ಹಾಗೆ ಮಾಡಬೇಡಿ, ಪರೀಕ್ಷೆ ಮುಗಿದ ವಾರವೇ ಆಫೀಸಿನಲ್ಲಿ ಸೀಲು ಹಾಕಿಸಿದ ಪ್ರತಿ ತೆಗೆದಿಟ್ಟುಕೊಳ್ಳಿ.