ನೋವಿಸ್ ವಿಭಾಗದಲ್ಲಿ ಹನ್ನೊಂದು ಎಸೆತಗಳ ಗೆಲುವು

ನಾನು ನಡೆಸಿದ ಮೊದಲ ಡಿಸ್ಕ್ ಗಾಲ್ಫ್ ಪಂದ್ಯದಲ್ಲಿ ನೋವಿಸ್, ಅಂದರೆ ಹವ್ಯಾಸಿಗಳ ಅತಿ ಕೆಳಗಿನ ವಿಭಾಗ, ಗೆದ್ದ ಹುಡುಗ ಎರಡನೆಯವರಿಗಿಂತ ಹನ್ನೊಂದು ಎಸೆತ ಕಡಿಮೆಯಲ್ಲಿ ಆಟ ಮುಗಿಸಿದ್ದ. ಎರಡು ಸುತ್ತು, ಒಟ್ಟು 36 ಹೋಲ್. ಎರಡನೆಯ ಸ್ಥಾನ ಬಂದವರು ಐವತ್ತು ದಾಟಿದ ಶಾಲಾ ಬಸ್ ಚಾಲಕರು. ವರ್ಷವಿಡೀ ಸಂಜೆ ಹೊತ್ತು ಪಾರ್ಕಿಗೆ ಬಂದು ಒಬ್ಬರೇ ನಿಂತು ಪಟ್, ಅಂದರೆ ಗುರಿಗೆ ಹತ್ತಿರದಿಂದ ಎಸೆಯುವ ಎಸೆತ, ಅಭ್ಯಾಸ ಮಾಡುತ್ತಿದ್ದುದನ್ನು ನಾನು ಕಂಡಿದ್ದೆ. ಬಹುಮಾನ ಕೊಡುವಾಗ ಹುಡುಗನ ಕೈ ಕುಲುಕಿದರು, ಚೆನ್ನಾಗಿ ಆಡಿದೆ ಎಂದರು, ಚೀಲ ಹೆಗಲಿಗೇರಿಸಿ ಹೊರಟರು. ಮುಂದಿನ ಎರಡು ಪಂದ್ಯಗಳಿಗೆ ಅವರು ಹೆಸರು ಕೊಡಲೇ ಇಲ್ಲ.

ಯಾವ ನಿಯಮವನ್ನೂ ಯಾರೂ ಮುರಿದಿರಲಿಲ್ಲ. ಗೆದ್ದವನು ಬೆಂಗಳೂರಿನಿಂದ ಇಲ್ಲಿಗೆ, ಉತ್ತರ ಕೆರೊಲಿನಾದ ಷಾರ್ಲೆಟ್‌ಗೆ, ಓದಲು ಬಂದವನು. ಊರಿನಲ್ಲಿ ವರ್ಷಗಟ್ಟಲೆ ಡಿಸ್ಕ್ ಎಸೆದು ಹಿಡಿಯುವ ತಂಡದ ಆಟವಾದ ಅಲ್ಟಿಮೇಟ್ ಫ್ರಿಸ್ಬಿ ಆಡಿ ಅವನ ಫೋರ್‌ಹ್ಯಾಂಡ್ ಎಸೆತ ಹದಕ್ಕೆ ಬಂದಿತ್ತು. ಡಿಸ್ಕ್ ಕೈಬಿಡುವಾಗ ಮಣಿಕಟ್ಟಿನಿಂದ ಕೊಡುವ ಆ ತಿರುಗುಬಲವನ್ನು ನಮ್ಮ ನೋವಿಸ್ ಆಟಗಾರರು ಎರಡು ವರ್ಷ ಒದ್ದಾಡಿ ಕಲಿಯುತ್ತಾರೆ. ಆದರೆ ಡಿಸ್ಕ್ ಗಾಲ್ಫ್ ಪಂದ್ಯ ಅವನಿಗೆ ಅದೇ ಮೊದಲು; ರೇಟಿಂಗ್, ಅಂದರೆ ಹಿಂದಿನ ಪಂದ್ಯಗಳ ಆಟದಿಂದ ಲೆಕ್ಕ ಹಾಕುವ, ಹೆಚ್ಚಿದ್ದಷ್ಟೂ ಆಟ ಮೇಲು ಎನ್ನುವ ಅಂಕಿ, ಇರಲಿಲ್ಲ. ಆಮೇಲೆ ಕೇಳಿದಾಗ, ‘ಅಣ್ಣ, ನೋವಿಸ್ ಅಂದರೆ ಹೊಸಬರು ಅಲ್ಲವೇ? ನಾನು ಹೊಸಬನೇ’ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹೆಸರು ನೋಂದಾಯಿಸುವಾಗ ಯಾರಿಗೆ ಯಾವ ವಿಭಾಗ ಎಂದು ಬಿಡಿಸಿ ಹೇಳಬೇಕಾದವನು ನಾನು. ನಾನು ಹೇಳಿರಲಿಲ್ಲ.

ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ಹವ್ಯಾಸಿಗಳ ಪಂದ್ಯ ನಡೆಸಲು ಕೈಹಾಕುವ ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಗಾಲ್ಫ್‌ನ ಚೆಂಡಿನ ಬದಲು ಡಿಸ್ಕ್, ಕುಳಿಯ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಬಾಸ್ಕೆಟ್. ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಸರಪಳಿಯ ಬಾಸ್ಕೆಟ್ ರೂಪಿಸಿದ ಎಡ್ ಹೆಡ್ರಿಕ್ ಅವರೇ 1976ರಲ್ಲಿ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆಯನ್ನೂ ಆರಂಭಿಸಿದರು. ಆಟಗಾರರ ರೇಟಿಂಗ್ ಲೆಕ್ಕ ಹಾಕುವುದು, ವಿಭಾಗಗಳ ಮಿತಿ ಗೊತ್ತುಮಾಡುವುದು ಆ ಸಂಸ್ಥೆ. ನಮ್ಮ ಊರಿನ ಸುತ್ತ ಕೋರ್ಸ್‌ಗಳಿಗೆ ಬರವಿಲ್ಲ. 1999ರಿಂದ ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ ನಡೆಯುತ್ತಿರುವ ವಿನ್‌ತ್ರಾಪ್ ವಿಶ್ವವಿದ್ಯಾಲಯ ಇಲ್ಲಿಂದ ಅರ್ಧ ಗಂಟೆಯ ದಾರಿ.

ಹವ್ಯಾಸಿಗಳಲ್ಲಿ ಮೇಲಿನದು ಅಡ್ವಾನ್ಸ್ಡ್. ಅದಕ್ಕೆ ಮೇಲಿನ ಮಿತಿ ಇಲ್ಲ. ಇಂಟರ್ಮೀಡಿಯೆಟ್ ಆಡಲು ರೇಟಿಂಗ್ 935ಕ್ಕಿಂತ ಕಡಿಮೆ ಇರಬೇಕು, ರಿಕ್ರಿಯೇಷನಲ್‌ಗೆ 900ಕ್ಕಿಂತ ಕಡಿಮೆ, ನೋವಿಸ್‌ಗೆ 850ಕ್ಕಿಂತ ಕಡಿಮೆ. ಮಹಿಳೆಯರಿಗೆ ಇದೇ ಹೆಸರಿನ ಮೂರು ವಿಭಾಗಗಳ ಮಿತಿ 825, 775, 725. ತನಗಿಂತ ಮೇಲಿನ ವಿಭಾಗದಲ್ಲಿ ಯಾರು ಬೇಕಾದರೂ ಆಡಬಹುದು, ಕೆಳಗಿಳಿಯುವಂತಿಲ್ಲ.

ಈ ಅಂಕಿ ಎಲ್ಲಿಂದ ಬರುತ್ತದೆ ಎಂಬುದು ತಿಳಿಯದೆ ವಿಭಾಗದ ಜಗಳ ಬಗೆಹರಿಯುವುದಿಲ್ಲ. ಪಂದ್ಯದ ದಿನ ಒಂದೇ ಲೇಔಟ್ (ಕೋರ್ಸಿನಲ್ಲಿ ಆಡಲು ಗೊತ್ತುಮಾಡಿದ ಹೋಲ್‌ಗಳ ಹಾದಿ) ಆಡಿದವರಲ್ಲಿ ಈಗಾಗಲೇ ಗಟ್ಟಿಯಾದ ರೇಟಿಂಗ್ ಉಳ್ಳವರನ್ನು ಅಳತೆಗೋಲಾಗಿ ಹಿಡಿಯುತ್ತಾರೆ. ಇವರನ್ನು ಪ್ರಾಪಗೇಟರ್ ಎನ್ನುತ್ತಾರೆ. ಕನಿಷ್ಠ 8 ಸುತ್ತುಗಳ ದಾಖಲೆ ಇರಬೇಕು, ರೇಟಿಂಗ್ 799 ದಾಟಿರಬೇಕು, ಅಂಥವರು ಕನಿಷ್ಠ ಐದು ಜನ ಬೇಕು. ಅವರ ಸ್ಕೋರುಗಳಿಂದ, ಅಂದಿನ ಗಾಳಿ ಮಳೆಯಲ್ಲಿ 1000 ರೇಟಿಂಗ್‌ನ ಆಟಗಾರ ಆ ಕೋರ್ಸನ್ನು ಎಷ್ಟು ಎಸೆತದಲ್ಲಿ ಮುಗಿಸುತ್ತಿದ್ದ ಎಂದು ಅಂದಾಜು ಮಾಡುತ್ತಾರೆ. ಅದು 50ರ ಆಸುಪಾಸು ಬಂದರೆ ಪ್ರತಿ ಎಸೆತಕ್ಕೆ ಸುಮಾರು 10 ಅಂಕ. ಕೋರ್ಸ್ ಉದ್ದವಾದಷ್ಟೂ ಒಂದು ಎಸೆತದ ಬೆಲೆ ಇಳಿಯುತ್ತದೆ.

ಈ ‘ಎಸೆತಕ್ಕೆ ಹತ್ತು’ ಲೆಕ್ಕ ಮನಸ್ಸಿಗೆ ಇಳಿದ ಮೇಲೆ ನನಗೆ ಬಹಳಷ್ಟು ಸ್ಪಷ್ಟವಾಯಿತು. 934 ಇದ್ದ ಒಬ್ಬ ಗೆಳೆಯನ ರೇಟಿಂಗ್ ಒಂದು ತಿಂಗಳು 936ಕ್ಕೆ ಏರಿತು. ಅಂಕಿ ಎರಡು ಏರಿದ್ದಕ್ಕೆ ಅವನು ದುಃಖಪಟ್ಟ! ಇಂಟರ್ಮೀಡಿಯೆಟ್‌ನಲ್ಲಿ ಮೊದಲ ಮೂವರಲ್ಲಿ ಇರುತ್ತಿದ್ದವನು ಈಗ 970ರವರ ಜೊತೆ ಆಡಬೇಕು. ಸುತ್ತಿಗೆ ಮೂರೂವರೆ ಎಸೆತ, ಎರಡು ಸುತ್ತಿಗೆ ಏಳು. ಅವನ ಬೇಸರ ಸುಳ್ಳಲ್ಲ. ಗೆರೆ ಎಲ್ಲಿ ಎಳೆದರೂ ಅದರ ಈಚೆ ಒಬ್ಬ, ಆಚೆ ಒಬ್ಬ ನಿಂತಿರುತ್ತಾರೆ.

ನಾನು ಪುತ್ತೂರಿನ ಕಡೆಯವನು. ನಮ್ಮಲ್ಲಿ ತೂಕದ ಕಬಡ್ಡಿ ಪಂದ್ಯ ಎಂದರೆ ಅಂಕಣಕ್ಕೆ ಇಳಿಯುವ ಮೊದಲು ತೂಕದ ಯಂತ್ರ ಹತ್ತಬೇಕು. ಇಂತಿಷ್ಟು ಕಿಲೋ ಒಳಗೆ ಇದ್ದರೆ ಆಟ, ಇಲ್ಲದಿದ್ದರೆ ಮನೆ. ಆ ತೂಕ ಅಂದಿನದು. ರೇಟಿಂಗ್ ಹಾಗಲ್ಲ, ಹಿಂದಿನ ಹನ್ನೆರಡು ತಿಂಗಳ ಆಟದ ಸರಾಸರಿ. ನಾನು ಕಂಡ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ವ್ಯತ್ಯಾಸದಲ್ಲೇ.

ಒಂದು ಉದಾಹರಣೆಯನ್ನು ನಾನು ಕಾಗದದಲ್ಲಿ ಬರೆದೇ ತೋರಿಸುತ್ತೇನೆ. ಒಬ್ಬನ ಖಾತೆಯಲ್ಲಿ 12 ಸುತ್ತುಗಳಿವೆ ಎನ್ನಿ. ಹಳೆಯ ಒಂಬತ್ತು 880ರಂತೆ, ಈಚಿನ ಮೂರು 940ರಂತೆ. ನೇರ ಸರಾಸರಿ 895. ಆದರೆ 9 ಅಥವಾ ಹೆಚ್ಚು ಸುತ್ತುಗಳಿದ್ದರೆ ತೀರ ಈಚಿನ ಕಾಲು ಭಾಗವನ್ನು ಎರಡೆರಡು ಸಲ ಎಣಿಸುತ್ತಾರೆ. ಅಂದರೆ ಆ ಮೂರು ಸುತ್ತು ಆರಾಗುತ್ತವೆ, ಹದಿನೈದರಿಂದ ಭಾಗಿಸಿದರೆ 904. ರಿಕ್ರಿಯೇಷನಲ್ ಬಾಗಿಲು ಮುಚ್ಚಿತು, ಇಂಟರ್ಮೀಡಿಯೆಟ್‌ಗೆ ಬಂದ. ಆದರೂ ಅವನು ಇವತ್ತು ಆಡುತ್ತಿರುವುದು 940ರ ಆಟ, ಇಂಟರ್ಮೀಡಿಯೆಟ್‌ನ ಮಿತಿಯನ್ನೂ ಮೀರಿದ್ದು. ಅವನು ಗೆದ್ದಾಗ ಹಿಂದಿನಿಂದ ‘ಸ್ಯಾಂಡ್‌ಬ್ಯಾಗರ್’ ಎಂಬ ಮಾತು ಕೇಳಿಬರುತ್ತದೆ, ಬೇಕೆಂದೇ ಕೆಳಗಿನ ವಿಭಾಗದಲ್ಲಿ ಉಳಿದವನು ಎಂದು. ಅವನು ಏನನ್ನೂ ಬಚ್ಚಿಟ್ಟಿಲ್ಲ. ಚಳಿಗಾಲವಿಡೀ ಬೆವರು ಸುರಿಸಿ ಸುಧಾರಿಸಿದ್ದಾನೆ, ಲೆಕ್ಕ ಅವನ ಹಿಂದೆ ನಡೆದು ಬರುತ್ತಿದೆ. ಇಂಥವನಿಗೆ ಮೋಸಗಾರ ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ. ನನ್ನ ಪಂದ್ಯದಲ್ಲಿ ಆ ಪದ ಕಿವಿಗೆ ಬಿದ್ದರೆ ನಾನು ಆಟಗಾರರನ್ನು ಪಕ್ಕಕ್ಕೆ ಕರೆದು ಈ ಲೆಕ್ಕ ಮಾಡಿ ತೋರಿಸುತ್ತೇನೆ.

ಬೇಕೆಂದೇ ಒಂದು ಸುತ್ತು ಕೆಟ್ಟದಾಗಿ ಆಡಿ ರೇಟಿಂಗ್ ಇಳಿಸಿಕೊಳ್ಳುತ್ತಾರೆ ಎಂಬ ಅನುಮಾನವೂ ಬರುತ್ತದೆ. ಅದಕ್ಕೆ ಲೆಕ್ಕದಲ್ಲೇ ಬೇಲಿ ಇದೆ: ಸಾಕಷ್ಟು ಸುತ್ತುಗಳಿರುವ ಆಟಗಾರನ ಒಂದು ಸುತ್ತು ಅವನ ಸರಾಸರಿಗಿಂತ 100 ಅಂಕಕ್ಕಿಂತ ಹೆಚ್ಚು ಕೆಳಗೆ ಬಿದ್ದರೆ ಅದನ್ನು ಲೆಕ್ಕದಿಂದಲೇ ಕೈಬಿಡುತ್ತಾರೆ.

ಹಾಗಾದರೆ ನಿಜವಾದ ಕಷ್ಟ ಎಲ್ಲಿ? ರೇಟಿಂಗ್ ಇಲ್ಲದವರಲ್ಲಿ. ನಮ್ಮ ಬೆಂಗಳೂರಿನ ಹುಡುಗನಂತೆ ಬೇರೆ ಆಟದಿಂದ ಬಂದವರು, ಆಪ್‌ನಲ್ಲಿ ಸ್ಕೋರು ಬರೆದುಕೊಂಡು ಐದಾರು ವರ್ಷ ಗೆಳೆಯರ ಜೊತೆ ಮಾತ್ರ ಆಡಿ ಈಗ ಮೊದಲ ಸಲ ಪಂದ್ಯಕ್ಕೆ ಬಂದವರು. ಅವರನ್ನು ತಡೆಯಲು ನಾನು ಹೋಗಲಿಲ್ಲ. ಕೇಳಲು ಶುರುಮಾಡಿದೆ.

ಈಗ ರೇಟಿಂಗ್ ಇಲ್ಲದೆ ಹೆಸರು ಕೊಡುವ ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ. ನಮ್ಮ ಬುಧವಾರದ ಲೀಗ್‌ಗೆ ಎರಡು ಮೂರು ವಾರ ಬನ್ನಿ, ಒಟ್ಟಿಗೆ ಆಡೋಣ ಎನ್ನುತ್ತೇನೆ. ಅಲ್ಲಿ ಕೈಲೆಕ್ಕ ಹಾಕುತ್ತೇನೆ. ಒಂದು ಬುಧವಾರ ರೇಟಿಂಗ್ ಇರುವ ಐದು ಜನ ಒಂದೇ ಲೇಔಟ್ ಆಡಿದರು. ಅವರ ರೇಟಿಂಗ್‌ಗಳ ಸರಾಸರಿ 900, ಅಂದಿನ ಸ್ಕೋರಿನ ಸರಾಸರಿ 56. ಹೊಸಬರೊಬ್ಬರು 53 ಹೊಡೆದರು. ಮೂರು ಎಸೆತ ಕಡಿಮೆ, ಅಂದರೆ ಸುಮಾರು 930ರ ಆಟ. ಒಂದೇ ದಿನ ನೋಡಿ ತೀರ್ಪು ಕೊಡುವುದಿಲ್ಲ. ಮೂರು ವಾರದ ಅಂಕಿ ಒಟ್ಟಿಗೆ ಇಟ್ಟು ನೋಡಿದರೆ ಆಟ ಯಾವ ಮಟ್ಟದ್ದೆಂದು ಗೊತ್ತಾಗಿಬಿಡುತ್ತದೆ. ಆ ಕಾಗದವನ್ನು ಅವರ ಕೈಗೇ ಕೊಟ್ಟೆ. ರಿಕ್ರಿಯೇಷನಲ್‌ಗೆ ಹೆಸರು ಕೊಟ್ಟಿದ್ದವರು ತಾವೇ ಇಂಟರ್ಮೀಡಿಯೆಟ್‌ಗೆ ಬದಲಿಸಿಕೊಂಡರು. ಹೀಗೆ ಕೇಳಿದಾಗ ಒಲ್ಲೆ ಎಂದವರು ನನಗೆ ಇಬ್ಬರೇ ಸಿಕ್ಕಿದ್ದಾರೆ. ಉಳಿದವರಿಗೆ ತಮ್ಮ ಆಟ ಯಾವ ಮಟ್ಟದ್ದೆಂದು ಯಾರೂ ಹೇಳಿರಲಿಲ್ಲ, ಅಷ್ಟೇ.

ಪ್ರಕಟಣೆಯನ್ನೂ ಬದಲಿಸಿದೆ. ವಿಭಾಗದ ಹೆಸರಿನ ಮುಂದೆ ರೇಟಿಂಗ್ ಮಿತಿಯ ಜೊತೆಗೆ ‘ನಮ್ಮ ಪಾರ್ಕಿನ ಉದ್ದದ ಲೇಔಟ್‌ನಲ್ಲಿ ನೀವು ಸಾಮಾನ್ಯವಾಗಿ ಇಷ್ಟು ಹೊಡೆಯುತ್ತಿದ್ದರೆ ಈ ವಿಭಾಗ’ ಎಂಬ ಸಾಲು ಸೇರಿಸಿದೆ. ಹೊಸಬರು ಎಂಬ ಪದವನ್ನು ತೆಗೆದುಹಾಕಿದೆ. ವಿಭಾಗದ ಬಗ್ಗೆ ಆಕ್ಷೇಪ ಇದ್ದವರು ಪಂದ್ಯದ ಹಿಂದಿನ ದಿನ ಸಂಜೆಯೊಳಗೆ ನನಗೊಬ್ಬನಿಗೇ ತಿಳಿಸಬೇಕು, ಮೊದಲ ಡಿಸ್ಕ್ ಗಾಳಿಗೆ ಹಾರಿದ ಮೇಲೆ ಆ ಮಾತೇ ಇಲ್ಲ ಎಂದೂ ಬರೆದೆ. ಗೆದ್ದವರ ಮುಖ ನೋಡಿದ ಮೇಲೆ ಎತ್ತುವ ಆಕ್ಷೇಪ ಎಷ್ಟು ಸರಿಯಾಗಿದ್ದರೂ ಹೊಟ್ಟೆಕಿಚ್ಚಿನಂತೆ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಬಹುಮಾನದ ಬದಲಾವಣೆ. ಹವ್ಯಾಸಿಗಳಿಗೆ ನಗದು ಕೊಡುವ ಪದ್ಧತಿ ಇಲ್ಲ. ಡಿಸ್ಕ್, ಚೀಲ, ಅಂಗಡಿಯ ಕೂಪನ್ ಇತ್ಯಾದಿ. ಮೊದಲು ನಾವು ಕೆಳಗಿನ ವಿಭಾಗ ಗೆದ್ದವರಿಗೂ ದೊಡ್ಡ ಕೂಪನ್ ಕೊಡುತ್ತಿದ್ದೆವು. ಅಡ್ವಾನ್ಸ್ಡ್‌ನಲ್ಲಿ ಹತ್ತನೆಯವನಾದವನು ಬರಿಗೈಯಲ್ಲಿ ಹೋಗುತ್ತಿದ್ದ, ಅವನಿಗಿಂತ ಕೆಳಗಿನ ಆಟ ಆಡಿದವನು ಕೈತುಂಬ ಒಯ್ಯುತ್ತಿದ್ದ. ಇದು ಕೆಳಗೇ ಉಳಿ ಎಂದು ನಾವೇ ಆಸೆ ಹಚ್ಚಿದಂತೆ. ಈಗ ಬಂದವರೆಲ್ಲರಿಗೂ ಬೆಳಿಗ್ಗೆಯೇ ಒಂದೇ ಥರದ ಎರಡು ಡಿಸ್ಕ್, ಒಂದು ಟವೆಲ್. ರಿಕ್ರಿಯೇಷನಲ್, ನೋವಿಸ್ ಗೆದ್ದವರಿಗೆ ಒಂದು ಟ್ರೋಫಿ, ಚಪ್ಪಾಳೆ. ಮೂವರು ಸಿಟ್ಟಾದರು, ಬರುವುದಿಲ್ಲ ಎಂದರು, ಬರಲಿಲ್ಲ. ಉಳಿದವರಲ್ಲಿ ಮೇಲಿನ ವಿಭಾಗಕ್ಕೆ ಹೋಗುವ ಅಂಜಿಕೆ ಕಡಿಮೆಯಾದದ್ದನ್ನು ನಾನು ಕಣ್ಣಾರೆ ಕಂಡೆ.

ವಯಸ್ಸಿನ ವಿಭಾಗಗಳಲ್ಲಿ ತಲೆನೋವು ಕಡಿಮೆ. ಆ ಕ್ಯಾಲೆಂಡರ್ ವರ್ಷದಲ್ಲಿ 40 ತುಂಬುವವರು ಜನವರಿಯಿಂದಲೇ ಮಾಸ್ಟರ್ಸ್ ಆಡಬಹುದು. ಅಲ್ಲಿ ರೇಟಿಂಗ್ ಮಿತಿ ಇಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಬೇಕು. ನನ್ನ ರೇಟಿಂಗ್ 887. ನಲವತ್ತು ದಾಟಿದವರ ಜೊತೆ ಆಡಿದರೆ ಸುಲಭ ಎಂದುಕೊಂಡು ಹೋದೆ. ನನ್ನ ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ಆಡುವ ಗುಂಪಿನಲ್ಲಿ, ಇದ್ದ ಇಬ್ಬರು 960ರವರು.

ನನ್ನ ಗಮನಕ್ಕೆ ತೀರ ತಡವಾಗಿ ಬಂದದ್ದು ಮಹಿಳೆಯರ ವಿಷಯ. ನಮ್ಮ ಕ್ಲಬ್ಬಿನ ನರ್ಸ್ ಒಬ್ಬರು ಪಿಡಿಜಿಎ ಸದಸ್ಯತ್ವ ಪಡೆದು ಮೂರು ಪಂದ್ಯ ಆಡಿದರೂ ಅವರ ಹೆಸರಿನ ಮುಂದೆ ರೇಟಿಂಗ್ ಜಾಗ ಖಾಲಿ. ನನ್ನ ಅಂಕಿ ಎಲ್ಲಿ ಎಂದು ಕೇಳಿದರು. ಹುಡುಕಿ ನೋಡಿದರೆ ತಪ್ಪು ನಾನು ಮಾಡಿದ ಏರ್ಪಾಟಿನಲ್ಲೇ ಇತ್ತು. ಮಹಿಳೆಯರನ್ನು ಮಾತ್ರ ಗಿಡ್ಡ ಟೀಗಳ, ಅಂದರೆ ಮೊದಲ ಎಸೆತದ ಜಾಗ ಬಾಸ್ಕೆಟ್‌ಗೆ ಹತ್ತಿರವಿರುವ, ಲೇಔಟ್‌ಗೆ ಹಾಕಿದ್ದೆ. ಅಲ್ಲಿ ಆಡಿದ ಏಳು ಜನರಲ್ಲಿ 799 ದಾಟಿದ, 8 ಸುತ್ತು ಮುಗಿಸಿದ ಪ್ರಾಪಗೇಟರ್‌ಗಳು ಇಬ್ಬರೇ. ಐವರಿಲ್ಲದ ಕಡೆ ಆ ಸುತ್ತಿಗೆ ರೇಟಿಂಗ್ ಹುಟ್ಟುವುದೇ ಇಲ್ಲ. ರೇಟಿಂಗ್ ಇಲ್ಲದಿದ್ದರೆ ಮುಂದಿನ ಪಂದ್ಯದಲ್ಲಿ ಯಾವ ವಿಭಾಗ ಎಂಬುದಕ್ಕೆ ಆಧಾರವಿಲ್ಲ. ಗಂಡಸರಿಗೆ ಸಿಗುವ ಅಳತೆ ಅವರಿಗೆ ಮೂರು ಸಲ ಸಿಗದೆ ಹೋಗಿತ್ತು, ನಾನು ಗಮನಿಸಿಯೇ ಇರಲಿಲ್ಲ.

ಮುಂದಿನ ಪಂದ್ಯಕ್ಕೆ ಮೊದಲು 60 ದಾಟಿದ ಹಿರಿಯರ ವಿಭಾಗದವರನ್ನು ಕಂಡು ಮಾತನಾಡಿದೆ. ಮೊಣಕಾಲು ನೋವಿನಿಂದ ಅವರೂ ಗಿಡ್ಡ ಟೀ ಕೇಳುತ್ತಿದ್ದರು. ಹಳೆಯ ಆಟಗಾರರು, ಹೆಚ್ಚಿನವರ ರೇಟಿಂಗ್ 850ರ ಆಸುಪಾಸು, ಸುತ್ತುಗಳ ದಾಖಲೆ ದಂಡಿಯಾಗಿ ಇರುವವರು. ಅವರನ್ನೂ ಮಹಿಳೆಯರನ್ನೂ ಒಂದೇ ಲೇಔಟ್‌ಗೆ ಹಾಕಿದೆ. ಸ್ಪರ್ಧೆ ಬೇರೆ ಬೇರೆ, ಹಾದಿ ಒಂದೇ. ಪ್ರಾಪಗೇಟರ್‌ಗಳ ಸಂಖ್ಯೆ ಎಂಟಕ್ಕೆ ಏರಿತು.

ರೇಟಿಂಗ್ ಹೊಸದಾಗಿ ಬರುವುದು ಪ್ರತಿ ತಿಂಗಳ ಎರಡನೆಯ ಮಂಗಳವಾರ. ಆ ಮಂಗಳವಾರ ರಾತ್ರಿ ಪಾಳಿಯ ನಡುವೆ ಆ ನರ್ಸ್ ಮೊಬೈಲ್ ಪರದೆಯ ಚಿತ್ರ ಕಳುಹಿಸಿದರು: 748. ಕೆಳಗೆ, ‘ಹಾಗಾದರೆ ಮುಂದಿನ ಸಲ ನನ್ನದು ಯಾವ ವಿಭಾಗ?’ ಎಂದು ಕೇಳಿದ್ದರು. ‘ರಿಕ್ರಿಯೇಷನಲ್’ ಎಂದು ಬರೆದೆ. ‘775 ಮುಟ್ಟುವವರೆಗೆ.’